ಎಣ್ಣಿ, ಸೇಂದಿ, ಕೇಸರಿ ಬೇಳೆ: ಮೆದುಳಿನ ದೂತರ ಬೆನ್ನು ಹತ್ತಿದ ವಿಜ್ಞಾನಿ

ಗಂಗಾವತಿ, ಕಾರಟಗಿ ಸೀಮೆಯ ಭತ್ತದ ಗದ್ದೆಗಳಲ್ಲಿ 'ಎಣ್ಣಿ ಹೊಡೆಯೋ' ದಿನಗಳು ಬಂದವೆಂದರೆ ಆಸ್ಪತ್ರೆಯ ರಾತ್ರಿ ಪಾಳಿಯವರಿಗೆ ಒಂದು ನೋಟ ಹೊಸತಲ್ಲ. ಬೆನ್ನಿಗೆ ಪಂಪು ಕಟ್ಟಿ, ಮೂಗಿಗೊಂದು ಟವೆಲ್ ಸುತ್ತಿ, ಬರಿಗಾಲಲ್ಲಿ ಕೆಸರಿಗಿಳಿದು ದಿನವಿಡೀ ಕೀಟನಾಶಕ ಸಿಂಪಡಿಸಿದ ಕೂಲಿಯಾಳು ಸಂಜೆಗೆ 'ತಲಿ ತಿರುಗಾಕತ್ತೈತಿ' ಎನ್ನುತ್ತಾನೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ, ತೊಡೆಯ ಮಾಂಸಖಂಡಗಳಲ್ಲಿ ಸಣ್ಣಗೆ ಅದುರು. ವೈದ್ಯರು ಟಾರ್ಚ್ ಹಿಡಿದು ಮೊದಲು ಕಣ್ಣು ನೋಡುತ್ತಾರೆ. ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿದ್ದರೆ ಬೇರೆ ಪರೀಕ್ಷೆಗೆ ಕಾಯುವುದಿಲ್ಲ; ಅಟ್ರೋಪಿನ್ ಇಂಜೆಕ್ಷನ್ ಶುರು. ಎದೆಯ ಗೊರಗೊರ ಸದ್ದು ನಿಲ್ಲುವತನಕ, ಬಾಯಿ ಒಣಗುವತನಕ ಒಂದರ ಮೇಲೊಂದು ಕೊಡುತ್ತಲೇ ಇರಬೇಕು.

ಆ ಕೂಲಿಯಾಳಿನ ಮೈಯೊಳಗೆ ಆಗಿರುವುದು ಇಷ್ಟು. ನರದ ತುದಿ ಮಾಂಸಖಂಡಕ್ಕೆ, ಗ್ರಂಥಿಗೆ, ಇನ್ನೊಂದು ನರಕ್ಕೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಸುದ್ದಿ ತಲುಪಿದ ಕೂಡಲೇ ಅದನ್ನು ಒಡೆದು ಹಾಕಲು ಒಂದು ಕಿಣ್ವ ಅಲ್ಲೇ ಕಾದಿರುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಆ ಕಿಣ್ವವನ್ನೇ ಹಿಡಿದು ಕೂರುತ್ತವೆ. ಹೇಳಿ ಮುಗಿದ ಸುದ್ದಿ ಮುಗಿಯುವುದೇ ಇಲ್ಲ; ಗ್ರಂಥಿಗಳು ಸುರಿಯುತ್ತಲೇ, ಸ್ನಾಯುಗಳು ಅದುರುತ್ತಲೇ ಇರುತ್ತವೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹುಳಕ್ಕೂ ಮನುಷ್ಯನಿಗೂ ದೂತ ಒಬ್ಬನೇ ಆದ್ದರಿಂದ ಹುಳವನ್ನು ಕೊಂದದ್ದು ಮನುಷ್ಯನನ್ನೂ ಕೊಲ್ಲುತ್ತದೆ. ಈ ಜಾತಿಗೆ ಸೇರಿದ ಮಾನೊಕ್ರೊಟೊಫಾಸ್‌ನ ಶೇ 36ರ ದ್ರಾವಣದ ಮೇಲೆ ಕೇಂದ್ರ ಸರ್ಕಾರ ನಿಷೇಧದ ಆದೇಶ ಹೊರಡಿಸಿದ್ದು 2023ರಲ್ಲಿ. ಅಷ್ಟು ಹೊತ್ತಿಗೆ ತುಂಗಭದ್ರಾ ಎಡದಂಡೆಯ ಎಷ್ಟು ಬೆಳೆಗಳು ಅದನ್ನು ಕುಡಿದು ಮುಗಿಸಿದ್ದವೋ.

ನರಗಳು ರಾಸಾಯನಿಕದಲ್ಲಿ ಮಾತಾಡುತ್ತವೆ ಎಂಬುದು ಗೊತ್ತಾಗಿ ಬಹಳ ಕಾಲವೇನೂ ಆಗಿಲ್ಲ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಓಟೊ ಲೂವಿ ಎಂಬಾತ ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆ ಉಪ್ಪುನೀರಿನಲ್ಲಿ ಮಿಡಿಯಲು ಬಿಟ್ಟ. ಒಂದರ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ಎರಡನೆಯದಕ್ಕೆ ಹಾಕಿದ. ನರದ ಸಂಪರ್ಕವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಜೊತೆ ಆತನಿಗೆ ನೊಬೆಲ್ ಬಂತು. ಆಮೇಲೆ ಡೋಪಮೈನ್, ಸೆರೊಟೋನಿನ್, ಗ್ಲುಟಮೇಟ್, ಗಾಬಾ ಎಂದು ದೂತರ ಪಟ್ಟಿ ಬೆಳೆಯುತ್ತಲೇ ಹೋಯಿತು. ಒಂದು ನರಕೋಶದ ತುದಿಗೂ ಇನ್ನೊಂದರ ಮೈಗೂ ನಡುವೆ ಇರುವ ಸಂದು ಸುಮಾರು 20 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲು. ಮನುಷ್ಯನ ನೆನಪು, ನಡಿಗೆ, ಸಿಟ್ಟು, ನಿದ್ದೆ ಎಲ್ಲವೂ ಆ ಸಂದಿಯ ವ್ಯವಹಾರ.

ಆ ಸಂದಿಗೆ ಹೊರಗಿನಿಂದ ಏನೇನು ಬಂದು ಸೇರುತ್ತದೆ? ನಾವು ಉಂಡದ್ದು, ನುಂಗಿದ ಗುಳಿಗೆ, ಮೂಗಿಗೆ ಹೊಕ್ಕ ವಿಷ ಮೆದುಳನ್ನು ಮುಟ್ಟಿ ಅಲ್ಲಿ ಏನು ಮಾಡುತ್ತವೆ? ನಲವತ್ತು ವರ್ಷ ಈ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಾಗಿಲಿನಿಂದ ಕೇಳುತ್ತ ಬಂದವರು ವಿಜಯಲಕ್ಷ್ಮಿ ರವೀಂದ್ರನಾಥ್. ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದಿಂದ 1981ರಲ್ಲಿ ಪಿಎಚ್.ಡಿ. ಪಡೆದು, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದವರು. ಪಾರಿತೋಷಕಗಳ ವಿಚಾರ ಇಲ್ಲೇ ಮುಗಿಸಿಬಿಡೋಣ: 1996ರಲ್ಲಿ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಬೆಂಗಳೂರಿನ ಪ್ರಯೋಗಾಲಯದ ಕೆಲಸಕ್ಕೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ಇದೆ. ಅವರು ಹಿಡಿದ ವಿಷಯಗಳಲ್ಲಿ ಹೆಚ್ಚಿನವು ನಮ್ಮ ಹೊಲದ, ಅಡುಗೆಮನೆಯ, ಅಂಗಡಿಯ ವಿಷಯಗಳೇ.

ಶುರುವಾದದ್ದು ಅರಿಶಿನದಿಂದ. ಮೈಸೂರಿನಲ್ಲಿ ಎನ್. ಚಂದ್ರಶೇಖರ ಅವರ ಜೊತೆ ಮಾಡಿದ ಸಂಶೋಧನೆಯಲ್ಲಿ ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅನ್ನು ಇಲಿಗಳಿಗೆ ತಿನ್ನಿಸಿ ಅದು ಎಲ್ಲಿಗೆ ಹೋಗುತ್ತದೆಂದು ಹುಡುಕಿದರು. 1980ರಲ್ಲಿ ಪ್ರಕಟವಾದ ಫಲಿತಾಂಶ ಅರಿಶಿನದ ಭಕ್ತರಿಗೆ ರುಚಿಸುವಂಥದ್ದಲ್ಲ. ಕೊಟ್ಟದ್ದರಲ್ಲಿ ಶೇ 40ರಷ್ಟು ಮಲದಲ್ಲಿ ಇದ್ದಂತೆಯೇ ಹೊರಬಂತು. ಹೃದಯದಿಂದ ತೆಗೆದ ರಕ್ತದಲ್ಲಿ ಕರ್ಕ್ಯುಮಿನ್ ಕಾಣಲೇ ಇಲ್ಲ. ಇವತ್ತು ಅರಿಶಿನದ ಕ್ಯಾಪ್ಸೂಲ್ ಮಾರುವವರೆಲ್ಲ 'ನಮ್ಮದು ರಕ್ತಕ್ಕೆ ಸೇರುತ್ತದೆ' ಎಂದು ಜಾಹೀರಾತು ಕೊಡುವುದರ ಹಿಂದೆ ಇಂಥ ಹಳೆಯ ಪ್ರಯೋಗಗಳಿವೆ. ಬಾಯಿಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂಬ ಪಾಠ ಅವರಿಗೆ ಆಗಲೇ ಸಿಕ್ಕಿತ್ತು ಎಂದು ನನಗನ್ನಿಸುತ್ತದೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮುಂದಿನ ಅಧ್ಯಯನ. ಕೆಲವು ವಸ್ತುಗಳು ಇದ್ದಂತೆ ಇದ್ದರೆ ಸಾಧು. ದೇಹ ಅವನ್ನು ಪಳಗಿಸಲು ಹೋದಾಗಲೇ ವಿಷವಾಗುತ್ತವೆ. ಮೀಥೈಲ್‌ಫ್ಯೂರಾನ್‌ಗಳ ವಿಷಯದಲ್ಲಿ ಅದು ಹೇಗೆಂದು ತೋರಿಸಿದ ಅವರ ಪ್ರಬಂಧ 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 1986ರಲ್ಲಿ ಮರಳಿ ಬಂದು ನಿಮ್ಹಾನ್ಸ್ ಸೇರಿದರು.

ಔಷಧ, ವಿಷ ಏನೇ ಆದರೂ ಅರಗಿಸುವ ಕೆಲಸ ಯಕೃತ್ತಿನದು ಎಂಬುದು ಪಠ್ಯಪುಸ್ತಕದ ಮಾತು. ಮೆದುಳು ಅಲ್ಲಿಂದ ಬಂದದ್ದನ್ನು ಸುಮ್ಮನೆ ಸ್ವೀಕರಿಸುತ್ತದೆಂದೇ ಬಹುಮಂದಿ ಎಣಿಸಿದ್ದರು. ನಿಮ್ಹಾನ್ಸ್‌ನಲ್ಲಿ ಮರಣೋತ್ತರ ಪರೀಕ್ಷೆಗೆ ಬಂದ ಮೆದುಳುಗಳ ಅಂಗಾಂಶ ಸಂಶೋಧನೆಗೆ ಸಿಗುತ್ತಿತ್ತು, ರೋಗಶಾಸ್ತ್ರಜ್ಞ ಎಸ್. ಕೆ. ಶಂಕರ್ ಜೊತೆಗಿದ್ದರು. ಶಂಕರ್ ಮತ್ತು ಎಚ್. ಕೆ. ಆನಂದತೀರ್ಥವರದ ಅವರೊಡನೆ ವಿಜಯಲಕ್ಷ್ಮಿ 1989ರಲ್ಲಿ ಬರೆದದ್ದು, ಮನುಷ್ಯನ ಮೆದುಳಿನಲ್ಲೇ ಸೈಟೊಕ್ರೋಮ್ ಪಿ-450 ಕಿಣ್ವಗಳಿವೆ, ಹೊರಗಿನ ರಾಸಾಯನಿಕಗಳನ್ನು ಅದು ತಾನೇ ಮಾರ್ಪಡಿಸುತ್ತದೆ ಎಂದು. ಪ್ರಮಾಣ ಯಕೃತ್ತಿನದಕ್ಕಿಂತ ತೀರ ಕಡಿಮೆ. ಆದರೆ ನಡೆಯುವ ಜಾಗ ಯಾವುದೆಂದು ನೋಡಬೇಕು.

ಇದಕ್ಕೆ ಒಂದು ಉದಾಹರಣೆ ರಾಯಚೂರು–ಕೊಪ್ಪಳದ ಓದುಗರಿಗೆ ಬೇಗ ಹಿಡಿಸೀತು. ಆಲ್ಪ್ರಜೋಲಾಂ ಎಂಬ ಗುಳಿಗೆ ನಿದ್ದೆಗೆ, ಗಾಬರಿಗೆ ಕೊಡುವಂಥದ್ದು. ಗಾಬಾ ಎಂಬ ದೂತನ ಶಾಂತಗೊಳಿಸುವ ಕೆಲಸವನ್ನು ಅದು ಹೆಚ್ಚಿಸುತ್ತದೆ. ವಿಜಯಲಕ್ಷ್ಮಿ ಅವರ ತಂಡ 2002ರಲ್ಲಿ ಕಂಡದ್ದು, ಈ ಗುಳಿಗೆಯನ್ನು ಯಕೃತ್ತು ಒಂದು ಬಗೆಯಲ್ಲಿ ಒಡೆದರೆ ಮೆದುಳು ಇನ್ನೊಂದು ಬಗೆಯಲ್ಲಿ ಒಡೆಯುತ್ತದೆ, ಮೆದುಳಿನಲ್ಲಿ ಹುಟ್ಟುವ ರೂಪಕ್ಕೆ ಔಷಧದ ಗುಣ ಉಳಿದಿರುತ್ತದೆ ಎಂಬುದು. ಹಾಗಾದರೆ ರಕ್ತದಲ್ಲಿ ಎಷ್ಟಿದೆ ಎಂದು ಅಳೆದ ಮಾತ್ರಕ್ಕೆ ತಲೆಯಲ್ಲಿ ಎಷ್ಟು ಕೆಲಸ ನಡೆದಿದೆ ಎಂದು ತಿಳಿಯುವುದಿಲ್ಲ. ಈ ಸೀಮೆಯಲ್ಲಿ 'ಸಿ.ಎಚ್. ಪೌಡರ್' ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ ಎಷ್ಟು ಮನೆಗಳನ್ನು ತಿಂದಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಕ್ಲೋರಲ್ ಹೈಡ್ರೇಟ್ ಹೋಗಿ ಹಿಡಿಯುವುದೂ ಗಾಬಾದ ದಾರಿಯನ್ನೇ. ರೂಢಿಯಾದವರಿಗೆ ಒಮ್ಮೆಲೇ ನಿಂತರೆ ಕೈಕಾಲು ನಡುಗುವುದು, ಫಿಟ್ಸ್ ಬರುವುದು, ಇಲ್ಲದ್ದು ಕಾಣುವುದು ಅದಕ್ಕೇ. ಊರಿನವರು 'ಚಟ ಬಿಡಾಕ ಮನಸಿಲ್ಲ ಅವಂಗ' ಅನ್ನುತ್ತಾರೆ. ಮನಸ್ಸಿನ ಮಾತು ಆಮೇಲೆ. ಮೊದಲು ಆಸ್ಪತ್ರೆಯ ಹಾಸಿಗೆ ಬೇಕು.

ಇನ್ನು ಕೇಸರಿ ಬೇಳೆ. ಈ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಕನ್ನಡನಾಡಿನ ಪಾಲು ದೊಡ್ಡದು.

ಕೇಸರಿ ಬೇಳೆ ನೋಡಲು ತೊಗರಿಬೇಳೆಗೆ ಹತ್ತಿರ. ಮಳೆ ಕೈಕೊಟ್ಟರೂ ಬೆಳೆಯುತ್ತದೆ, ಖರ್ಚಿಲ್ಲ, ಅಗ್ಗ. ಬರ ಬಿದ್ದಾಗ ಬೇರೇನೂ ಇಲ್ಲದೆ ತಿಂಗಳುಗಟ್ಟಲೆ ಇದನ್ನೇ ತಿಂದವರ ಕಾಲುಗಳು ಬಿಗಿದು, ಮೊಣಕಾಲು ಒಂದಕ್ಕೊಂದು ತಾಗಿ, ಕತ್ತರಿಯಾಡಿಸಿದಂತೆ ನಡೆಯತೊಡಗುತ್ತಾರೆ. ಮೊದಲು ಒಂದು ಕೋಲು, ಆಮೇಲೆ ಎರಡು, ಕೊನೆಗೆ ನೆಲದ ಮೇಲೆ ತೆವಳುವುದು. ಬಂದದ್ದು ಹೋಗುವುದಿಲ್ಲ. ಮಧ್ಯಪ್ರದೇಶದ ರೀವಾ, ಸತ್ನಾ ಕಡೆ ಜೀತದಾಳುಗಳಿಗೆ ಕೂಲಿಯನ್ನೇ ಈ ಕಾಳಿನಲ್ಲಿ ಅಳೆದು ಕೊಡುತ್ತಿದ್ದರು. ಹಳ್ಳಿಗೆ ಹಳ್ಳಿಯೇ ಕುಂಟಿತು. 1961ರಲ್ಲಿ ಮಾರಾಟಕ್ಕೆ ನಿಷೇಧ ಬಂತು. ಕಲಬೆರಕೆ ಮಾತ್ರ ನಿಲ್ಲಲಿಲ್ಲ. ಕಡಲೆಹಿಟ್ಟಿಗೆ ಕೇಸರಿ ಬೇಳೆಯ ಹಿಟ್ಟು ಬೆರೆಸುವುದು ಹಳೆಯ ದಂಧೆ. ಸಂಜೆಯಾದರೆ ಮಂಡಕ್ಕಿ–ಮಿರ್ಚಿ ಬೇಕೇ ಬೇಕೆನ್ನುವ, ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಕೊಪ್ಪಳದವರು ಕಡಲೆಹಿಟ್ಟು ಕೊಳ್ಳುವಾಗ ಕಣ್ಣು ತೆರೆದಿರುವುದು ಒಳ್ಳೆಯದು. ಮನೆಯ ಕಡಲೆಯನ್ನು ಗಿರಣಿಗೆ ಒಯ್ಯುವ ಯಲಬುರ್ಗಾದ ಎರೆಹೊಲದವರಿಗೆ ಆ ಚಿಂತೆ ಕಡಿಮೆ.

ಆ ಕಾಳಿನಲ್ಲಿರುವ ವಿಷ ಯಾವುದು? 1964ರಲ್ಲಿ ಉತ್ತರ ಸಿಕ್ಕ ಜಾಗಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಪಿ. ಎಸ್. ಶರ್ಮ ಅವರ ಪ್ರಯೋಗಾಲಯದಲ್ಲಿ ಎಸ್. ಎಲ್. ಎನ್. ರಾವ್ ಮತ್ತು ಪಿ. ಆರ್. ಅಡಿಗ ಆ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ಹೇಳಿದರು. ಅಡಿಗರು ನಮ್ಮ ಕರಾವಳಿಯ ಬಾರಕೂರಿನವರು. ರಾವ್ ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಿಜಾಮನ ಆಳ್ವಿಕೆ ಕಂಡ ಕೊಪ್ಪಳ ಸೀಮೆಯ ಹಿರಿಯರಿಗೆ ಆ ಹೆಸರು ಪರಕೀಯವಲ್ಲ. ಓಡಾಪ್ ಅಥವಾ ಬೋವಾ ಎಂದು ಕರೆಯುವ ಈ ವಸ್ತು ಒಂದು ಅಮೈನೋ ಆಮ್ಲ. ರೂಪದಲ್ಲಿ ಇದು ಗ್ಲುಟಮೇಟ್‌ಗೆ ಹೋಲುತ್ತದೆ. ಗ್ಲುಟಮೇಟ್ ಎಂದರೆ ಮೆದುಳಿನ ಬಹುಪಾಲು ಸಂದುಗಳಲ್ಲಿ 'ಏಳು, ಕೆಲಸ ಮಾಡು' ಎನ್ನುವ ದೂತ. ಓಡಾಪ್ ಅದೇ ವೇಷ ಹಾಕಿ ಅದೇ ಬಾಗಿಲು ತಟ್ಟುತ್ತದೆ. ಆದರೆ ನಿಜವಾದ ದೂತ ಕೆಲಸ ಮುಗಿಸಿ ಮರಳಿದರೆ ಈ ವೇಷಧಾರಿ ಹೋಗುವುದೇ ಇಲ್ಲ. ನರಕೋಶ ದಣಿದು ಸಾಯುವತನಕ ಎಬ್ಬಿಸುತ್ತಲೇ ಇರುತ್ತದೆ.

ಅಲ್ಲಿಗೆ ಕಥೆ ಮುಗಿಯಿತು ಎಂದು ಎಷ್ಟೋ ಮಂದಿ ಬಿಟ್ಟರು. ಉಳಿದ ತೊಡಕುಗಳನ್ನು ವಿಜಯಲಕ್ಷ್ಮಿ ಬಿಡಲಿಲ್ಲ. ಗ್ಲುಟಮೇಟ್ ಮೆದುಳಿನಲ್ಲೆಲ್ಲ ಇದೆ. ಹಾಗಿದ್ದೂ ಕೇಸರಿ ಬೇಳೆಯ ವಿಷ ಕಾಲುಗಳನ್ನಷ್ಟೇ ಹಿಡಿಯುವುದೇಕೆ? ಒಂದೇ ಮನೆಯಲ್ಲಿ ಒಂದೇ ಗಡಿಗೆಯ ಸಾರು ಉಂಡರೂ ಗಂಡಸು ಬೀಳುತ್ತಾನೆ, ಹೆಂಗಸು ಹೆಚ್ಚಾಗಿ ಪಾರಾಗುತ್ತಾಳೆ, ಅದೇಕೆ?

ಮೊದಲನೆಯದಕ್ಕೆ ಉತ್ತರ ನಿಮ್ಹಾನ್ಸ್‌ನ ಇಲಿಗಳಲ್ಲಿ ಸಿಕ್ಕಿತು. ವಿಷ ಕೊಟ್ಟ ಇಲಿಗಳ ಮೆದುಳು ಮತ್ತು ಬೆನ್ನುಹುರಿಯನ್ನು ಭಾಗ ಭಾಗ ಮಾಡಿ ಪರೀಕ್ಷಿಸಿದಾಗ, ಚಲನೆಯನ್ನು ಆಳುವ ಮೆದುಳಿನ ಹೊರಪದರದಲ್ಲಿ ಮತ್ತು ಸೊಂಟದ ಭಾಗದ ಬೆನ್ನುಹುರಿಯಲ್ಲಿ ಒಂದು ಹಾನಿ ಎದ್ದು ಕಂಡಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಮೊದಲ ಮೆಟ್ಟಿಲಾದ 'ಕಾಂಪ್ಲೆಕ್ಸ್ 1' ಅಲ್ಲಿ ಕುಸಿದಿತ್ತು. ಕಾಲನ್ನು ಎತ್ತಿಳಿಸುವ ನರಗಳ ದಾರಿ ಹೋಗುವುದೇ ಆ ಎರಡು ಜಾಗಗಳಲ್ಲಿ. ಮಜಾ ಎಂದರೆ ಇದೇ ಕಾಂಪ್ಲೆಕ್ಸ್ 1 ಪಾರ್ಕಿನ್ಸನ್ ಕಾಯಿಲೆಯ ಕಥೆಯಲ್ಲೂ ಬರುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳಬಟ್ಟಿಯ ಹೆರಾಯಿನ್‌ನಂಥದ್ದೇನೋ ಚುಚ್ಚಿಕೊಂಡ ಕೆಲವು ಯುವಕರು ದಿನಗಳಲ್ಲೇ ಮುದುಕರಂತೆ ಮರಗಟ್ಟಿದರು. ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ಕಲ್ಮಶ ಡೋಪಮೈನ್ ಮಾಡುವ ಕೋಶಗಳನ್ನು ಕೊಂದದ್ದು ಕಾಂಪ್ಲೆಕ್ಸ್ 1 ಅನ್ನು ಕೆಡಿಸಿಯೇ. ಕೇಸರಿ ಬೇಳೆ, ಮಾದಕವಸ್ತು, ಎರಡೂ ಒಂದೇ ಜಾಗಕ್ಕೆ ಬಂದು ನಿಂತವು.

ಎರಡನೆಯ ಪ್ರಶ್ನೆ ಇನ್ನೂ ಸೊಗಸು. ಕಾಂಪ್ಲೆಕ್ಸ್ 1ರಲ್ಲಿ ಗಂಧಕವುಳ್ಳ ಕೆಲವು ಬಿಂದುಗಳಿವೆ. ವಿಷ ತಾಗಿದಾಗ ಅವು ಉತ್ಕರ್ಷಣಗೊಂಡು ಕೆಡುತ್ತವೆ. ಗ್ಲುಟರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನು ಅವನ್ನು ಮತ್ತೆ ಸರಿಪಡಿಸುತ್ತದೆ. ಹೆಣ್ಣಿಲಿಗಳ ಮೆದುಳಿನಲ್ಲಿ ಇದು ಮೊದಲಿನಿಂದಲೇ ಹೆಚ್ಚು, ಹೆಚ್ಚಿಸುವುದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು. 2004ರಲ್ಲಿ ಆರ್. ಎಸ್. ಕೆಂಚಪ್ಪ ಮೊದಲಾದವರೊಡನೆ ಎಂ.ಪಿ.ಟಿ.ಪಿ. ಬಗ್ಗೆಯೂ, 2007ರಲ್ಲಿ ಲತಾ ದಿವಾಕರ್ ಮೊದಲಾದವರೊಡನೆ ಓಡಾಪ್ ಬಗ್ಗೆಯೂ ಅವರು ಇದನ್ನು ತೋರಿಸಿದರು. ಈಸ್ಟ್ರೋಜನ್‌ನ ಕೆಲಸವನ್ನು ಔಷಧದಿಂದ ತಡೆದು ನೋಡಿದಾಗ ಹೆಣ್ಣಿಲಿಗಳೂ ಗಂಡಿನ ಹಾಗೆಯೇ ವಿಷಕ್ಕೆ ತುತ್ತಾದವು. ರೀವಾದ ಹಳ್ಳಿಗಳಲ್ಲಿ ಹರೆಯದ ಹೆಂಗಸರು ಏಕೆ ಉಳಿದರೆಂಬುದಕ್ಕೆ ದೈವ, ಗ್ರಹಚಾರ ಎನ್ನುತ್ತಿದ್ದ ಜಾಗದಲ್ಲಿ ಒಂದು ಪ್ರೋಟೀನಿನ ಹೆಸರು ಬಂದು ಕೂತಿತು. ನನ್ನ ಮಟ್ಟಿಗೆ ಅವರ ಕೆಲಸದಲ್ಲಿ ಇದೇ ಶಿಖರ. ಆಮೇಲಿನ ಅಲ್ಜೈಮರ್ ಸಂಶೋಧನೆಗೆ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಸಿಕ್ಕಿರಬಹುದು; ಬಡವರ ರೋಗದ ಒಗಟೊಂದನ್ನು ಬಡವರ ನಾಡಿನಲ್ಲೇ ಕೂತು ಬಿಡಿಸಿದ್ದು ಬೇರೆಯೇ ತೂಕದ್ದು.

ನಡುವೆ ಸುಮಾರು ಒಂಬತ್ತು–ಹತ್ತು ವರ್ಷ ಅವರು ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು, ಅದರ ಸ್ಥಾಪಕ ನಿರ್ದೇಶಕರಾದರು. 2009ರಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ಆರಂಭಿಸಿದರು.

ಅಶ್ವಗಂಧದ ಪ್ರಯೋಗ ಆ ಕಾಲದ್ದು. ಅಲ್ಜೈಮರ್ ಬರುವಂತೆ ಸಿದ್ಧಪಡಿಸಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟಾಗ ಅವುಗಳ ಮರೆವು ಕಡಿಮೆಯಾಯಿತು, ಮೆದುಳಿನಲ್ಲಿ ಜಮೆಯಾಗಿದ್ದ ಅಮೈಲಾಯ್ಡ್ ಎಂಬ ಪ್ರೋಟೀನು ಇಳಿಯಿತು. 2012ರ ಆ ಪ್ರಬಂಧದ ಸ್ವಾರಸ್ಯ ಇರುವುದು ಗುಣವಾಯಿತು ಎಂಬಲ್ಲಲ್ಲ, ಹೇಗೆ ಎಂಬಲ್ಲಿ. ಸಾರ ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ಅಲ್ಲಿ ಎಲ್.ಆರ್.ಪಿ. ಎಂಬ ಪ್ರೋಟೀನು ಹೆಚ್ಚಿ, ಅದು ಅಮೈಲಾಯ್ಡನ್ನು ಮೆದುಳಿನಿಂದ ರಕ್ತದತ್ತ ಸೆಳೆಯಿತು. ಮೈಸೂರಿನಲ್ಲಿ ಅರಿಶಿನ ತಿಂದ ಇಲಿಯ ರಕ್ತದಲ್ಲಿ ಕರ್ಕ್ಯುಮಿನ್ ಹುಡುಕಿದವರಿಗಲ್ಲದೆ ಬೇರೆಯವರಿಗೆ ತಲೆಯ ಕಾಯಿಲೆಗೆ ಯಕೃತ್ತಿನತ್ತ ನೋಡಬೇಕೆಂದು ಇಷ್ಟು ಸಲೀಸಾಗಿ ಹೊಳೆಯುತ್ತಿತ್ತೋ ಇಲ್ಲವೋ. ಇದು ಇಲಿಯ ಮಾತು, ಮನುಷ್ಯರದಲ್ಲ ಎಂಬುದನ್ನು ಮಾತ್ರ ಸಂತೆಯಲ್ಲಿ ಅಶ್ವಗಂಧದ ಪುಡಿ ಕೊಳ್ಳುವವರು ಮರೆಯಬಾರದು.

2018ರಲ್ಲಿ ರೆಡ್ಡಿ ಪೀರಾ ಕೊಮ್ಮಡ್ಡಿ ಅವರೊಂದಿಗೆ ಪ್ರಕಟಿಸಿದ ಇನ್ನೊಂದು ಕೆಲಸ ದೂತರು ಬಂದಿಳಿಯುವ ಜಾಗದ್ದೇ. ನರಕೋಶದ ಮೇಲಿನ ಸಣ್ಣ ಮುಳ್ಳುಗಳಿಗೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಅಲ್ಜೈಮರ್ ಇಲಿಗಳಲ್ಲಿ ಒಂದು ತಿಂಗಳ ವಯಸ್ಸಿಗೇ ಕಳಚತೊಡಗಿದ್ದವು. ಮೆದುಳಿನಲ್ಲಿ ಅಮೈಲಾಯ್ಡ್ ಕಲೆಗಳು ಕಾಣಿಸಿಕೊಳ್ಳುವುದು ಎಷ್ಟೋ ತಿಂಗಳ ನಂತರ. ಮರೆವು ಕಾಣುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ ಎಂದಾಯಿತು. ಹಾಗಿದ್ದರೆ ಆರೋಗ್ಯವಾಗಿ ಓಡಾಡಿಕೊಂಡಿರುವ ನಡುವಯಸ್ಸಿನವರನ್ನು ಹಿಡಿದು ವರ್ಷಗಟ್ಟಲೆ ನೋಡುತ್ತ ಹೋಗಬೇಕು.

ಅದಕ್ಕೇ ಶ್ರೀನಿವಾಸಪುರ. ಉದ್ಯಮಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿ ಕೊಟ್ಟ 225 ಕೋಟಿ ರೂಪಾಯಿಯಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಹುಟ್ಟಿತು. ಅದಕ್ಕೂ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿಯವರೇ. ಆ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾತಾಡಿಸುತ್ತಾರೆ. ರಕ್ತ, ನೆನಪು, ನಡಿಗೆ, ಕಿವಿ, ಕಣ್ಣು, ಮೆದುಳಿನ ಸ್ಕ್ಯಾನ್ ಎಲ್ಲವೂ ದಾಖಲಾಗುತ್ತವೆ. ಓದು ಬರಹ ಬಾರದ ರೈತ ಹೆಂಗಸಿನ ನೆನಪನ್ನು ಅಳೆಯಲು ಅಮೆರಿಕದ ಪ್ರಶ್ನಾವಳಿ ಒಯ್ದರೆ ಕೆಲಸಕ್ಕೆ ಬರುವುದಿಲ್ಲವಷ್ಟೆ. ಆಕೆಗೆ ಒಗ್ಗುವ ಪರೀಕ್ಷೆ ಬೇಕಾಗುತ್ತದೆ.

ನನ್ನ ತಕರಾರು ಇಲ್ಲಿಂದ ಶುರು. ಶ್ರೀನಿವಾಸಪುರ ಬೆಂಗಳೂರಿಗೆ ಹತ್ತಿರ, ಸರಿ. ಆದರೆ ಕೋಲಾರದ ಮೆದುಳೇ ಕೊಪ್ಪಳದ ಮೆದುಳೂ ಅಲ್ಲ. ಈ ಜಿಲ್ಲೆ ಸಂಶೋಧಕರಿಗೆ ಒಂದು ಸಿದ್ಧ ಹೋಲಿಕೆಯನ್ನು ಇಟ್ಟುಕೊಂಡು ಕೂತಿದೆ. ಒಂದು ಕಡೆ ಗಂಗಾವತಿ, ಕಾರಟಗಿಯ ಕಾಲುವೆ ನೀರಿನ ಭತ್ತ; ವರ್ಷಕ್ಕೆ ಎರಡು ಬೆಳೆ, ಪ್ರತಿ ಬೆಳೆಗೂ ಎಣ್ಣಿ. ಇನ್ನೊಂದು ಕಡೆ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಸಜ್ಜೆ, ಜೋಳ, ಕಡಲೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಒಂದೇ ಜಿಲ್ಲೆ, ಒಂದೇ ಭಾಷೆ, ಎರಡು ಬೇರೆ ರಾಸಾಯನಿಕ ಜಗತ್ತುಗಳು. ನಲವತ್ತು ವರ್ಷ ಪಂಪು ಹೊತ್ತ ಗಂಗಾವತಿಯ ಅಜ್ಜನ ಕೈನಡುಕಕ್ಕೂ ಕುಷ್ಟಗಿಯ ಕುರಿಗಾಹಿ ಅಜ್ಜನ ಕೈನಡುಕಕ್ಕೂ ವ್ಯತ್ಯಾಸವಿದೆಯೇ ಎಂದು ಯಾರಾದರೂ ಎಣಿಸಬೇಡವೇ? ಕೀಟನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂದು ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಿವೆ. ಇಲ್ಲಿ ಮಾತ್ರ 'ವಯಸ್ಸಾತು, ಅರಳು ಮರಳು' ಎಂದು ಅಜ್ಜನನ್ನು ಕಟ್ಟೆಯ ಮೇಲೆ ಕೂರಿಸಿ ಸುಮ್ಮನಾಗುತ್ತೇವೆ. ತೀರ ಕೈಮೀರಿದಾಗ ಧಾರವಾಡದ ಡಿಮ್ಹಾನ್ಸ್‌ಗೋ ಹುಬ್ಬಳ್ಳಿಗೋ ಬಸ್ಸು ಹತ್ತಿಸುತ್ತೇವೆ.

ಹಳ್ಳಿಯ ಮಾನಸಿಕ ಆರೋಗ್ಯಕ್ಕೆ ದಾರಿ ಹಾಕುವಾಗ ಈ ಸೀಮೆಯನ್ನು ಮರೆತಿರಲಿಲ್ಲ. ನಿಮ್ಹಾನ್ಸ್ 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ಪ್ರಯೋಗಿಸಿದ್ದು ತುಂಗಭದ್ರೆಯ ಆಚೆ ದಡದ ಬಳ್ಳಾರಿಯಲ್ಲಿ. ಆ ಮಾದರಿಯೇ ಮುಂದೆ ದೇಶಕ್ಕೆಲ್ಲ ಹೋಯಿತು. 2015ರಿಂದ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜಿದೆ. ಪ್ರತಿ ಊರಿನಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ಶ್ರೀನಿವಾಸಪುರದಲ್ಲಿ ಮಾಡುವ ವಿಧಾನ ಬರೆದಿಟ್ಟದ್ದಿದೆ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಪ್ರತ್ಯೇಕ ಮಂಡಳಿಯೇ ಇದೆ, ಅದಕ್ಕೆ ಅನುದಾನವಿದೆ.

ಜಿಲ್ಲೆಯ ಶಾಸಕರು, ಸಂಸದರು ರಸ್ತೆ, ಸಮುದಾಯ ಭವನದ ಪಟ್ಟಿಯ ಜೊತೆಗೆ ಇದನ್ನೂ ಒಂದು ಸಾಲು ಬರೆದು ಕೇಳಲಿ: ಗಂಗಾವತಿಯಲ್ಲೊಂದು, ಕುಷ್ಟಗಿಯಲ್ಲೊಂದು ಹೋಬಳಿ ಆರಿಸಿ 45 ದಾಟಿದವರ ಮೆದುಳಿನ ಆರೋಗ್ಯವನ್ನು ಹತ್ತು ವರ್ಷ ದಾಖಲಿಸುವ ಕೆಲಸ. ಅಲ್ಲಿಯತನಕ ಎಣ್ಣಿ ಹೊಡೆಯುವವರ ಮನೆಯವರು ಒಂದು ಮಾತು ನೆನಪಿಡಲಿ. ತಲೆ ತಿರುಗಿ, ಜೊಲ್ಲು ಸುರಿದು, ಕಣ್ಣು ಮಂಜಾದರೆ ಮಜ್ಜಿಗೆ, ಲಿಂಬೆಹಣ್ಣು ಎಂದು ಹೊತ್ತು ಕಳೆಯಬೇಡಿ. ಅಂಗಿ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು ಆಸ್ಪತ್ರೆಗೆ ಒಯ್ಯಿರಿ. ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ವೈದ್ಯರಿಗೆ ಗೊತ್ತಾಗುವುದು ಅದರ ಮೇಲಿನ ಚೀಟಿಯಿಂದ.